ಹತ್ತನೇ ಮಾಪ್

ಫೋನಿನಲ್ಲಿ ಹತ್ತು ನಿಮಿಷ ಮಾತಾಡುವುದಕ್ಕೆ ಯಾರಾದರೂ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಳ್ಳುತ್ತಾರೆಯೇ? ಡಾಕ್ಟರು ಹಾಕಿಕೊಂಡಿದ್ದರು. ಎಪ್ಪತ್ತಾರು ವರ್ಷದ ಮನುಷ್ಯ, ಬೆಳಗ್ಗೆ ಆರಕ್ಕೇ ಸ್ನಾನ ಮುಗಿಸಿ, ಕನ್ನಡಕ ಒರೆಸಿ, ಫೋನನ್ನು ಕಣ್ಣೆದುರಿಗಿಟ್ಟುಕೊಂಡು, ಮನೆಯಲ್ಲಿ ಯಾರೂ ಮಿಕ್ಸಿ ಹಾಕಕೂಡದು ಎಂದು ತಾಕೀತು ಮಾಡಿ ಕೂತಿದ್ದರು. ಹತ್ತೊಂಬತ್ತು ವರ್ಷ ತಮ್ಮ ನರ್ಸಿಂಗ್ ಹೋಮಿನ ಆಪರೇಷನ್ ಥಿಯೇಟರಿನಲ್ಲಿ ಪಕ್ಕಕ್ಕೆ ನಿಂತು ದುಡಿದ ನರ್ಸ್ ಈಗ ಹೊರದೇಶಕ್ಕೆ ಹೋಗಿದ್ದಳು. ಅಲ್ಲಿನ ಆಸ್ಪತ್ರೆಯವರು ಅವಳು ಎಂಥವಳೆಂದು ವಿಚಾರಿಸಲು ಫೋನ್ ಮಾಡುವವರಿದ್ದರು. ಮಗಳ ಸಂಬಂಧ ಕೇಳಿಕೊಂಡು ಬರುವವರಿಗೆ ಕಾಯುವ ಹಾಗೆ ಡಾಕ್ಟರು ಕಾದರು, ಫೋನ್ ಬಂತು, ಮನಸ್ಸು ತುಂಬಿ ಹೊಗಳಿದರು. ಆ ಹೊಗಳಿಕೆಯೇ ಅವಳ ಕೆಲಸ ಕಳೆಯಿತು.

ಅವಳನ್ನು ನರ್ಸಿಂಗ್ ಹೋಮಿನಲ್ಲಿ ಎಲ್ಲರೂ ದೊಡ್ಡ ಸಿಸ್ಟರ್ ಎನ್ನುತ್ತಿದ್ದರು. ವಯಸ್ಸು ನಲವತ್ತೆರಡು, ಗಾತ್ರ ನೋಡಿದರೆ ಹೈಸ್ಕೂಲು ಹುಡುಗಿ. ಡಾಕ್ಟರ ಕೈ ನಡುಗಲು ಶುರುವಾಗಿ ನರ್ಸಿಂಗ್ ಹೋಮ್ ಬಾಗಿಲು ಹಾಕಿದ ಮೇಲೆ ಅವಳೂ ಅವಳ ಗಂಡನೂ ಹೊರದೇಶದ ಕಾಯಂ ವಾಸಕ್ಕೆ ಅರ್ಜಿ ಹಾಕಿದರು. ಥಿಯೇಟರ್ ನರ್ಸ್ ಎಂದರೆ ಅಲ್ಲಿ ಬಲು ಬೇಡಿಕೆ ಎಂದು ಎಲ್ಲರೂ ಹೇಳಿದ್ದರು. ಹೇಳುವವರಿಗೇನು, ನಾಲಿಗೆಗೆ ಮೂಳೆಯೇ? ಕಾಗದಪತ್ರ ಸಿಕ್ಕಿದ್ದು ಅವಳ ಓದಿನ ಬಲದಿಂದಲೇ ನಿಜ, ಆದರೆ ಬಂದಿಳಿದ ಮೇಲೆ ಕೆಲಸ ಮಾತ್ರ ಅವಳಾಗಿಯೇ ಹುಡುಕಿಕೊಳ್ಳಬೇಕಾಯಿತು.

ಗಂಡ ಊರಲ್ಲಿ ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುತ್ತಿದ್ದವನು, ಇಲ್ಲಿ ಪಾರ್ಸೆಲ್ ವ್ಯಾನ್ ಓಡಿಸುತ್ತಿದ್ದ. "ಅಲ್ಲಿ ಬ್ರೇಕ್ ಒತ್ತೋದು ಕಲಿಸ್ತಿದ್ದೆ, ಇಲ್ಲಿ ಬೆಲ್ ಒತ್ತೋದು ಕಲ್ತೆ" ಎಂದು ನಗುತ್ತಿದ್ದ. ಅವಳು ನರ್ಸಿಂಗ್ ಪರೀಕ್ಷೆಯನ್ನು ಮೊದಲನೇ ಸಲಕ್ಕೇ ಪಾಸು ಮಾಡಿ, ಥಿಯೇಟರ್ ಕೆಲಸ ಸಿಗುವ ತನಕ ಎಂದು ಒಂದು ವೃದ್ಧಾಶ್ರಮಕ್ಕೆ ಸೇರಿಕೊಂಡಿದ್ದಳು. ಮುದುಕರನ್ನು ಎಬ್ಬಿಸುವುದು, ತೊಳೆಸುವುದು, ಉಣಿಸುವುದು. ಆ ಕೆಲಸದ ಮೇಲೆ ಅವಳಿಗೆ ಅಸಡ್ಡೆಯೇನೂ ಇರಲಿಲ್ಲ. ಆದರೆ ಆ ದೇಶದಲ್ಲಿ ಒಂದು ನಿಯಮವಿತ್ತು. ಥಿಯೇಟರ್ ಬಿಟ್ಟು ಎರಡು ವರ್ಷ ದಾಟಿದರೆ ಮತ್ತೆ ಥಿಯೇಟರಿಗೆ ಸೇರಿಸುವುದಿಲ್ಲ, ಮೊದಲಿಂದ ಓದಿ ಬರಬೇಕು. ನರ್ಸಿಂಗ್ ಹೋಮ್ ಮುಚ್ಚಿ ಆಗಲೇ ಹದಿನಾಲ್ಕು ತಿಂಗಳಾಗಿತ್ತು. ಆ ಊರಿನಲ್ಲಿ ಆಪರೇಷನ್ ನಡೆಯುವ ಆಸ್ಪತ್ರೆ ಒಂದೇ ಒಂದು. ಅದರ ಸಂದರ್ಶನಕ್ಕೆ ಕರೆ ಬಂದ ದಿನ ಗಂಡಹೆಂಡತಿ ಇಬ್ಬರೂ ಅಡುಗೆಮನೆಯಲ್ಲಿ ನಿಂತುಕೊಂಡೇ ಊಟ ಮಾಡಿದರು, ಕೂರುವಷ್ಟು ಸಮಾಧಾನ ಯಾರಿಗಿತ್ತು.

ಸಂದರ್ಶನದಲ್ಲಿ ಮೂವರಿದ್ದರು. ನಡುವೆ ಕೂತವಳು ಬಿಳಿ ಕೂದಲು ಗಿಡ್ಡ ಕತ್ತರಿಸಿಕೊಂಡ ಥಿಯೇಟರ್ ಮೇಲ್ವಿಚಾರಕಿ. ಸಲಕರಣೆ ಬಗ್ಗೆ ಕೇಳಿದರು, ಹೊಲಿಗೆ ದಾರಗಳ ಬಗ್ಗೆ ಕೇಳಿದರು, ಎಲ್ಲಕ್ಕೂ ಇವಳು ನೀರು ಕುಡಿದಷ್ಟು ಸಲೀಸಾಗಿ ಉತ್ತರ ಕೊಟ್ಟಳು. ಆಮೇಲೆ ಮೇಲ್ವಿಚಾರಕಿ ಪೆನ್ನು ಕೆಳಗಿಟ್ಟು ಕೇಳಿದಳು: ಸರ್ಜನ್ ತಪ್ಪು ಮಾಡುತ್ತಿದ್ದಾರೆ ಅನ್ನಿಸಿದಾಗ ನೀವು ಎಂದಾದರೂ ತಡೆದದ್ದುಂಟೇ? ಒಂದು ನಿಜವಾದ ಪ್ರಸಂಗ ಹೇಳಿ.

ಇತ್ತು, ಅಂಥದ್ದೊಂದು ಇತ್ತು. ಆರು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದಳು, ಗಂಡನ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ.

ಒಬ್ಬ ಸ್ಕೂಲ್ ಟೀಚರಮ್ಮನ ಹೊಟ್ಟೆಯ ಆಪರೇಷನ್. ಬೆಳಗ್ಗೆಯಿಂದ ಅದು ನಾಲ್ಕನೆಯದು. ಡಾಕ್ಟರಿಗೆ ಹಸಿವು, ಸುಸ್ತು, ಮೇಲಿಂದ ಐದರ ರೈಲು ಹಿಡಿಯುವ ಅವಸರ. ಆಪರೇಷನ್ ಮಾಡುವಾಗ ಒಳಗಿನ ರಕ್ತ ಹೀರಲು ಮಾಪ್ ಇಡುತ್ತಾರೆ, ಕರವಸ್ತ್ರದಂಥ ಮಡಿಸಿದ ಬಟ್ಟೆ. ಎಷ್ಟು ಒಳಗೆ ಹೋದವೋ ಅಷ್ಟೂ ಹೊರಗೆ ಬಂದ ಮೇಲೆಯೇ ಹೊಟ್ಟೆ ಹೊಲಿಯಬೇಕು. ಅವತ್ತು ಇವಳು ಹತ್ತು ಕೊಟ್ಟಿದ್ದಳು, ಬಂದದ್ದು ಒಂಬತ್ತು. ಜೊತೆಗಿದ್ದ ಕಿರಿಯ ನರ್ಸ್, ಎಲ್ಲರ ಬಾಯಲ್ಲಿ ಚಿಕ್ಕ ಸಿಸ್ಟರ್, ನೆಲಕ್ಕೆ ಮಂಡಿಯೂರಿ ಬಕೆಟ್ಟು, ಮೇಜಿನ ಕೆಳಗೆ, ಕಾಲ ಸಂದಿ ಎಲ್ಲ ತಡಕಿದಳು.

"ಸೂಜಿ ಕೊಡು" ಅಂದರು ಡಾಕ್ಟರು.

"ಒಂದು ಮಾಪ್ ಕಡಿಮೆ ಇದೆ ಸರ್."

"ನೀನು ಕೊಟ್ಟಿದ್ದೇ ಒಂಬತ್ತು. ಸೂಜಿ ಕೊಡು."

"ಹತ್ತು ಕೊಟ್ಟಿದೀನಿ ಸರ್."

"ನನಗೇ ಎಣಿಸೋದು ಹೇಳಿಕೊಡ್ತೀಯಾ? ಕೊಡು ಅಂದ್ರೆ ಕೊಡು!"

"ಕೊಡಲ್ಲ ಸರ್."

ಕೊಡಲಿಲ್ಲ. ಸೂಜಿಯಿದ್ದ ಟ್ರೇಯನ್ನು ಎದೆಗವಚಿಕೊಂಡು ಒಂದು ಹೆಜ್ಜೆ ಹಿಂದಕ್ಕೆ ನಿಂತಳು. ಹದಿನಾಲ್ಕು ವರ್ಷದಲ್ಲಿ ಅವರೆದುರು ಗಟ್ಟಿಯಾಗಿ ಉಸಿರು ಬಿಡದವಳು. ಡಾಕ್ಟರು ಇವಳನ್ನು ಸುಟ್ಟುಬಿಡುವ ಹಾಗೆ ನೋಡಿದರು, ಆಮೇಲೆ ಗೊಣಗುತ್ತಾ ಮತ್ತೆ ಒಳಗೆ ಕೈ ಹಾಕಿದರು. ಕರುಳಿನ ಹಿಂದೆ ಅಡಗಿತ್ತು ಹತ್ತನೇ ಮಾಪ್. ತೆಗೆದು ಬಕೆಟ್ಟಿಗೆ ಎಸೆದರು. ಆಗ ಇವಳು ಸೂಜಿ ಕೊಟ್ಟಳು. ರಿಜಿಸ್ಟರಿನಲ್ಲಿ 'ಮಾಪ್ ಹತ್ತು, ಸರಿ ಇದೆ' ಎಂದು ಬರೆದಳು. ಹತ್ತು ಹೋಗಿತ್ತು, ಹತ್ತು ಬಂದಿತ್ತು, ಬರೆದದ್ದರಲ್ಲಿ ಎಳ್ಳಷ್ಟೂ ಸುಳ್ಳಿರಲಿಲ್ಲ. ಕೈ ತೊಳೆಯುವಲ್ಲಿ ಡಾಕ್ಟರು ಗೋಡೆ ನೋಡಿಕೊಂಡು, "ಇದು ಈ ರೂಮ್ ದಾಟಬಾರದು" ಅಂದರು. ಥ್ಯಾಂಕ್ಸ್ ಎನ್ನಲಿಲ್ಲ, ಸಾರಿ ಎನ್ನಲಿಲ್ಲ. ಆದರೆ ಅವತ್ತಿನಿಂದ ಪ್ರತಿ ಸಲ ಹೊಲಿಗೆ ಹಾಕುವ ಮುಂಚೆ, ಮುಖ ನೋಡದೆ, "ಸರಿ ಇದೆಯಾ?" ಎಂದು ಕೇಳುವುದನ್ನು ರೂಢಿ ಮಾಡಿಕೊಂಡರು.

ಇದನ್ನೇ ಸಂದರ್ಶನದಲ್ಲಿ ಹೇಳಿದಳು, ತಡವರಿಸುತ್ತಾ, ಡಾಕ್ಟರಿಗೆ ದ್ರೋಹ ಬಗೆಯುತ್ತಿದ್ದೇನೋ ಎಂಬ ಅಳುಕಿನಲ್ಲಿ. ಹೇಳಿ ಮುಗಿಸುವಷ್ಟರಲ್ಲಿ ಬಿಳಿ ಕೂದಲಿನವಳ ಮುಖವೇ ಅರಳಿತ್ತು. ನಮಗೆ ಬೇಕಾದ್ದು ಇಂಥವರೇ ಎಂದಳು. ನಿಮ್ಮ ಡಾಕ್ಟರ ಹತ್ತಿರ ಒಂದು ಮಾತು ಕೇಳುತ್ತೇವೆ, ಅಷ್ಟೇ ಬಾಕಿ ಎಂದಳು. ಇವಳು ಬಸ್ಸಿನಲ್ಲಿ ಮನೆಗೆ ಬರುವಾಗ ಎರಡು ಸ್ಟಾಪ್ ಮುಂದೆ ಹೋಗಿ ಇಳಿದು, ನಗುತ್ತಾ ನಡೆದುಕೊಂಡು ಬಂದಳು.

ಮುಂದಿನ ವಾರ ಕಾಗದ ಬಂತು. ನೀವು ವಿವರಿಸಿದ ಪ್ರಸಂಗವನ್ನು ನಿಮ್ಮ ಹಿಂದಿನ ಮೇಲಧಿಕಾರಿ ಸ್ಪಷ್ಟವಾಗಿ ಅಲ್ಲಗಳೆದಿದ್ದಾರೆ. ಪ್ರಾಮಾಣಿಕತೆಯ ವಿಷಯದಲ್ಲಿ ನಾವು ರಾಜಿ ಮಾಡಿಕೊಳ್ಳುವುದಿಲ್ಲ. ಮುಂದಿನ ಎರಡು ವರ್ಷ ನಮ್ಮಲ್ಲಿ ಅರ್ಜಿ ಹಾಕಬೇಡಿ.

ಗಂಡ ಆ ಕಾಗದವನ್ನು ಮೂರು ಸಲ ಓದಿದ. "ಏನೇ ಇದು? ಯಾವ ಪ್ರಸಂಗ? ಸುಳ್ಳು ಹೇಳಿದ್ಯಾ?" ಎಂದ. ಮನೆಯವನ ಬಾಯಲ್ಲೇ ಆ ಪ್ರಶ್ನೆ ಬಂದಾಗ ಅವಳಿಗೆ ಅಳು ತಡೆಯಲಾಗಲಿಲ್ಲ. ಆರು ವರ್ಷದ ಗುಟ್ಟನ್ನು ಆಗ ಅವನಿಗೆ ಹೇಳಿದಳು. ಅವನು ಕೆಂಡವಾದ. "ಆ ಮುದುಕನಿಗೆ ಫೋನ್ ಹಚ್ಚು, ಈಗಲೇ. ಇಲ್ಲ ನಾನೇ ಮಾತಾಡ್ತೀನಿ."

"ಬೇಡ ಕಣ್ರೀ. ಏನು ಹೇಳಿದ್ರೋ, ಇವರು ಏನು ಕೇಳಿಸ್ಕೊಂಡ್ರೋ."

ಫೋನ್ ಹಚ್ಚುವ ಕಷ್ಟವೇ ಬರಲಿಲ್ಲ. ಶನಿವಾರ ಡಾಕ್ಟರೇ ಮಾಡಿದರು. ಇಸ್ತ್ರಿ ಅಂಗಿಯ ಕಥೆ, ಮಿಕ್ಸಿಯ ಕಥೆ ಎಲ್ಲ ಬಂದದ್ದು ಆಗಲೇ, ಹಿಂದಿನಿಂದ ಅವರ ಹೆಂಡತಿಯೂ ಕೂಗಿ ಕೂಗಿ ಸೇರಿಸುತ್ತಿದ್ದರು. ಡಾಕ್ಟರ ದನಿಯಲ್ಲಿ ಸಂಭ್ರಮವೋ ಸಂಭ್ರಮ.

"ನಾನು ಬಿಡ್ತೀನಾ? ಹತ್ತೊಂಬತ್ತು ವರ್ಷದಲ್ಲಿ ಒಂದು ತಪ್ಪಿಲ್ಲ ಅಂದೆ. ಆಯಮ್ಮ ಏನು ಕೇಳಿದ್ಲು ಗೊತ್ತಾ? ಯಾವತ್ತಾದ್ರೂ ನಿಮಗೆ ಎದುರು ಹೇಳಿದ್ದಾಳಾ, ಯಾವುದೋ ಮಾಪ್ ವಿಷಯದಲ್ಲಿ ತಡೆದಿದ್ದಾಳಾ ಅಂತ! ಯಾರು ನಿನ್ನ ಮೇಲೆ ಚಾಡಿ ಹೇಳಿದಾರೋ ಅಂತ ನನಗೆ ಮೈ ಉರಿದುಹೋಯ್ತು. ಛೇ ಛೇ, ಖಂಡಿತ ಇಲ್ಲ, ಅಂಥ ಹೆಣ್ಣುಮಗಳೇ ಅಲ್ಲ, ನಾನು ಹಾಕಿದ ಗೆರೆ ದಾಟಿದವಳಲ್ಲ ಅಂದೆ. ಎರಡೆರಡು ಸಲ ಕೇಳಿದ್ಲು, ಎರಡು ಸಲಾನೂ ಹಾಗೇ ಅಂದೆ. ನಿನ್ನ ಮೇಲೆ ಒಂದು ಕಪ್ಪುಚುಕ್ಕೆ ಬರೋಕೆ ಬಿಡಲಿಲ್ಲ ಕಣಮ್ಮ. ಕೆಲಸ ಆಯ್ತಲ್ಲ?"

ಅಯ್ಯೋ ದೇವರೇ, ಈ ಮನುಷ್ಯ ಇವಳನ್ನು ಕಾಪಾಡಿದ್ದ! ತನ್ನ ಮಾನ ಉಳಿಸಿಕೊಳ್ಳುವುದಕ್ಕೆ ಹಾಗೆಂದಿದ್ದರೆ ಬೈದು ಹಗುರಾಗಬಹುದಿತ್ತು. ಪ್ರೀತಿಯಿಂದ ಕತ್ತು ಕುಯ್ದವರನ್ನು ಏನೆಂದು ಬೈಯುವುದು? ಎದುರಿಗೆ ಗಂಡ ಕೈಸನ್ನೆ ಮಾಡುತ್ತಿದ್ದ, ಹೇಳು, ಹೇಳಿಬಿಡು ಎಂದು.

"ಆಯ್ತು ಸರ್" ಅಂದಳು. "ನಿಮ್ಮಿಂದಾನೇ ಆಯ್ತು."

ಗಂಡ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದವನು ಎರಡು ಗಂಟೆ ಬಿಟ್ಟು ಬಂದ.

ಆಸ್ಪತ್ರೆಗೆ ಬರೆದು ತಿಳಿಸಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಬರೆದಳು. ನಾಲ್ಕು ಸಲ ಬರೆಯಲು ಕೂತು ನಾಲ್ಕು ಸಲ ಅಳಿಸಿದಳು. ಏನೆಂದು ಬರೆಯಬೇಕು, ನಮ್ಮ ಡಾಕ್ಟರು ಸುಳ್ಳುಗಾರರು ಎಂದೇ? ಐದನೇ ಸಲ, ಡಾಕ್ಟರು ನನ್ನ ಮರ್ಯಾದೆ ಉಳಿಸಲೆಂದು ಹಾಗೆ ಹೇಳಿದರು, ನಮ್ಮ ಕಡೆ ಎದುರು ಮಾತಾಡಿದಳು ಎನ್ನುವುದು ಹೊಗಳಿಕೆಯಲ್ಲ ಎಂದು ಬರೆದು ಕಳಿಸಿದಳು. ನೇಮಕ ಮುಗಿದಿದೆ ಎಂದು ಒಂದು ಸಾಲಿನ ಉತ್ತರ ಬಂತು. ಬೇರೆ ಊರಿನ ಆಸ್ಪತ್ರೆಗಳಿಗೆ ಹಾಕಿದಳು. ಹಿಂದೆ ಎಲ್ಲಾದರೂ ತಿರಸ್ಕೃತರಾಗಿದ್ದೀರಾ, ಕಾರಣವೇನು ಎಂಬ ಪ್ರಶ್ನೆ ಎಲ್ಲ ಅರ್ಜಿಯಲ್ಲೂ ಇತ್ತು, ನಿಜ ಬರೆದಳು, ಯಾರೂ ಕರೆಯಲಿಲ್ಲ.

ಎರಡೂವರೆ ತಿಂಗಳಾದ ಮೇಲೆ ಚಿಕ್ಕ ಸಿಸ್ಟರ್ ಊರಿಂದ ಫೋನ್ ಮಾಡಿದಳು. "ಅಕ್ಕಾ, ನನಗೂ ಪರ್ಮನೆಂಟ್ ವೀಸಾ ಆಯ್ತು! ನಿಮ್ಮ ಆಸ್ಪತ್ರೆಯಲ್ಲೇ ಇನ್ನೊಂದು ಜಾಗ ಖಾಲಿ ಇದೆ, ಅರ್ಜಿ ಹಾಕಿದ್ದೆ, ಇಂಟರ್‌ವ್ಯೂ ವಿಡಿಯೋದಲ್ಲಿ ಮಾಡ್ತಾರಂತೆ. ಡಾಕ್ಟರ ನಂಬರ್ ಕೊಟ್ಟಿದೀನಿ. ನಿಮಗೆ ಹೇಳಿದ ಹಾಗೇ ನನಗೂ ಹೇಳ್ತಾರಂತೆ."

'ನಿಮ್ಮ ಆಸ್ಪತ್ರೆ' ಎಂದಳು ಹುಡುಗಿ; ಡಾಕ್ಟರು ಊರಲ್ಲಿ ಹಾಗೆಂದೇ ಹೇಳಿಕೊಂಡಿದ್ದರು. ತನ್ನೊಂದು ಸುಳ್ಳು ಊರೆಲ್ಲ ಸುತ್ತಿಕೊಂಡು ಬಂದು ಈ ಹುಡುಗಿಯ ಕೊರಳಿಗೆ ಬೀಳುವುದರಲ್ಲಿತ್ತು. ಚಿಕ್ಕ ಸಿಸ್ಟರಿಗೆ ಇಬ್ಬರು ಚಿಕ್ಕ ಮಕ್ಕಳು, ಗಂಡ ಕಾಲು ಮುರಿದುಕೊಂಡು ಕೂತವನು. ತನ್ನದಂತೂ ಹೋಯಿತು, ಇವಳದೂ ಹೋಗುವುದನ್ನು ಬಾಯಿ ಮುಚ್ಚಿಕೊಂಡು ನೋಡುವುದು ಹೇಗೆ? ಅವಳಿಗೆ ಮೊದಲು ನಿಜ ಹೇಳಿದಳು. ಆ ಕಡೆಯಿಂದ ಬರೀ "ಅಯ್ಯೋ ಅಕ್ಕಾ, ಅಯ್ಯೋ ಅಕ್ಕಾ" ಎನ್ನುವುದೊಂದೇ ಕೇಳಿಸಿತು.

ಆಮೇಲೆ ಡಾಕ್ಟರಿಗೆ ಮಾಡಿದಳು.

"ಸರ್, ನನಗೆ ಆ ಕೆಲಸ ಸಿಗಲಿಲ್ಲ. ಅವತ್ತು ನಿಮಗೆ ಸುಳ್ಳು ಹೇಳಿದೆ."

"ಸಿಗಲಿಲ್ವಾ? ಯಾಕಮ್ಮ? ನಾನು ಅಷ್ಟು ಹೇಳಿದ್ದೆನಲ್ಲ!"

ಹೇಳಿದಳು. ತಾನು ಸಂದರ್ಶನದಲ್ಲಿ ಹೇಳಿದ್ದು, ಅವರು ಫೋನಿನಲ್ಲಿ ಇಲ್ಲವೆಂದದ್ದು, ಕಾಗದದಲ್ಲಿ ಬಂದದ್ದು. ಇಲ್ಲಿ ಡಾಕ್ಟರನ್ನು ತಡೆದವಳೇ ಒಳ್ಳೆ ನರ್ಸ್ ಸರ್, ತಡೆಯದವಳಿಗೆ ಕೆಲಸ ಇಲ್ಲ ಎಂದಳು.

"ನಾನು ಹೇಳಿದ್ದಕ್ಕೇ ಹೋಯ್ತಾ?" ಎಂದು ಒಂದೇ ಒಂದು ಪ್ರಶ್ನೆ ಕೇಳಿದರು. ಆಮೇಲೆ ಆ ದೊಡ್ಡ ಮನುಷ್ಯ ಗಳಗಳ ಅಳುವುದಕ್ಕೆ ಶುರು ಮಾಡಿದರು. ಇವಳು ತನ್ನ ದುಃಖ ಬದಿಗಿಟ್ಟು ಅವರನ್ನೇ ಸಮಾಧಾನ ಮಾಡಬೇಕಾಯಿತು. ಅಳಬೇಡಿ ಸರ್, ಬಿಪಿ ಏರುತ್ತೆ ಸರ್, ಮಾತ್ರೆ ತಗೊಂಡ್ರಾ ಸರ್. ಕೊನೆಗೆ ಫೋನ್ ಮಾಡಿದ ಕಾರಣ ಹೇಳಿದಳು: "ಚಿಕ್ಕ ಸಿಸ್ಟರ್ ಬಗ್ಗೆ ಕೇಳ್ತಾರೆ ಸರ್. ಆದದ್ದನ್ನ ಆದ ಹಾಗೇ ಹೇಳಿಬಿಡಿ. ಮುಚ್ಚಿಡಬೇಡಿ. ನನ್ನ ವಿಷಯಾನೂ ಒಂದು ಮಾತು ಹೇಳಿ, ಅವಳು ಸುಳ್ಳು ಹೇಳಿರಲಿಲ್ಲ ಅಂತ. ಅಷ್ಟು ಹೇಳಿದ್ರೆ ಸಾಕು ಸರ್."

"ಹೇಳ್ತೀನಮ್ಮ. ಖಂಡಿತ ಹೇಳ್ತೀನಿ."

ಆ ಹದಿನೈದು ದಿನ ಅವಳು ಹೇಗೆ ಕಳೆದಳೋ ಅವಳಿಗೇ ಗೊತ್ತು. ಎರಡು ವರ್ಷಕ್ಕೆ ಇನ್ನೂ ಏಳು ತಿಂಗಳಿತ್ತು. ಡಾಕ್ಟರು ಒಂದು ಮಾತು ಹೇಳಿದರೆ ಆಸ್ಪತ್ರೆಯವರ ಫೈಲಿನಲ್ಲಿರುವ ಸುಳ್ಳುಗಾತಿ ಎಂಬ ಹಣೆಪಟ್ಟಿ ಹೋಗುತ್ತದೆ, ಕರೆದರೂ ಕರೆದಾರು. ಗಂಡ, "ಬಿಳಿ ಕೂದಲಿನೋಳು ತಾನೇ ಕಾರು ತಗೊಂಡು ಬಂದು ಕರ್ಕೊಂಡು ಹೋಗ್ತಾಳೆ ನೋಡ್ತಿರು" ಎಂದು ರೇಗಿಸಿದ. ಬೇಡ ಬೇಡವೆಂದರೂ ಅವಳಿಗೂ ಆಸೆ ಹುಟ್ಟಿತು, ಆಸೆಗೇನು ಹೇಳಿ ಕೇಳಿ ಹುಟ್ಟುವ ಮರ್ಯಾದೆ ಇದೆಯೇ.

ಚಿಕ್ಕ ಸಿಸ್ಟರಿಗೆ ಕೆಲಸವಾಯಿತು. ಫೋನ್ ಮಾಡಿದಳು, ಆದರೆ ಕೆಲಸ ಸಿಕ್ಕವಳ ದನಿ ಅದಾಗಿರಲಿಲ್ಲ.

"ಅಕ್ಕಾ, ನಾನು ಹಾಗೆ ಹೇಳಿ ಅಂತ ಕೇಳಿರಲಿಲ್ಲ. ಅವರಾಗೇ ಹೇಳಿದಾರೆ."

"ಏನು ಹೇಳಿದ್ರು?"

"ಅವತ್ತು ಮಾಪ್ ಕಡಿಮೆ ಇದೆ ಅಂತ ಸೂಜಿ ಕೊಡದೇ ತಡೆದಿದ್ದು ನಾನು ಅಂತ. ನಾನೇ ಅಂತ."

"ನನ್ನ ವಿಷಯ?" ಎಂದಳು ಇವಳು.

"ಆಮೇಲೆ ಆ ಬಿಳಿ ಕೂದಲಿನವರು ನನ್ನನ್ನ ಮತ್ತೆ ಕರೆದು ಕೇಳಿದ್ರು ಅಕ್ಕಾ. ನಿಮ್ಮಲ್ಲಿದ್ದ ಇನ್ನೊಬ್ಬರು ಇದೇ ಕಥೆ ತಮ್ಮದು ಅಂತ ಹೇಳಿದ್ರಲ್ಲ, ಯಾರದು ನಿಜ ಅಂತ. ನಾನು..." ಅಳು ಉಕ್ಕಿ ಬಂತು. "ನಾನು ಸುಮ್ಮನೆ ಇದ್ದುಬಿಟ್ಟೆ. ಮಕ್ಕಳ ಮುಖ ಕಣ್ಣ ಮುಂದೆ ಬಂತು. ನನ್ನ ಬಾಯಿಗೆ ಏನಾಯ್ತೋ. ಬೈರಿ ಅಕ್ಕಾ, ಎರಡು ಬಾರಿಸಿ ಬೇಕಾದ್ರೆ."

ಬೈಯಲಿಲ್ಲ. ಯಾವ ಬೈಗುಳಕ್ಕೆ ಅದು ಮುಗಿಯುತ್ತಿತ್ತು? ಆಸ್ಪತ್ರೆಯವರ ಕಣ್ಣಿನಲ್ಲಿ ಇವಳು ಮೊದಲು ಬರೀ ಸುಳ್ಳು ಹೇಳಿದವಳಾಗಿದ್ದಳು, ಈಗ ಇನ್ನೊಬ್ಬಳ ಧೈರ್ಯ ಕದ್ದವಳೂ ಆದಳು. ಬಟ್ಟೆಬರೆ ಯಾವುದು ತರಬೇಕು, ಮನೆ ಎಲ್ಲಿ ನೋಡಬೇಕು ಎಂದು ಎರಡು ಮಾತು ಹೇಳಿ ಫೋನಿಟ್ಟಳು. ಗಂಡನಿಗೆ, ಅವಳಿಗೆ ಆಯಿತಂತೆ ಎಂದಷ್ಟೇ ಹೇಳಿದಳು. ಅವನು ಅವಳ ಮುಖ ನೋಡಿ ಮುಂದೇನೂ ಕೇಳಲಿಲ್ಲ, ಅನ್ನಕ್ಕೆ ತಾನೇ ಇಟ್ಟ.

ಮರುದಿನ ವೃದ್ಧಾಶ್ರಮದಲ್ಲಿ ಮಧ್ಯಾಹ್ನದ ಊಟದ ಬಿಡುವು. ಹೊದಿಕೆ ಜೋಡಿಸಿಡುವ ಕೋಣೆಯಲ್ಲಿ ಕೂತು ಡಬ್ಬಿ ಬಿಚ್ಚಿದ್ದಳು. ಡಾಕ್ಟರ ಫೋನ್ ಬಂತು. ದನಿಯಲ್ಲಿ ಮತ್ತೆ ಹಳೇ ಗತ್ತು.

"ಈ ಸಲ ಸರಿಯಾಗಿ ಹೇಳಿದೆ ಅಲ್ವೇನಮ್ಮ? ಕೆಲಸ ಆಗೋಯ್ತಂತೆ ಹುಡುಗಿಗೆ!"

"ಅವಳು ತಡೆದಳು ಅಂತ ಯಾಕೆ ಹೇಳಿದ್ರಿ ಸರ್?"

"ಮತ್ತೆ? ಅವರು ಕೇಳ್ತಿರೋದು ಅವಳ ಬಗ್ಗೆ. ನಿನ್ನ ಹೆಸರು ಹೇಳಿದ್ರೆ ಅವಳಿಗೇನು ಬಂತು? ತಡೆದವಳೇ ಒಳ್ಳೆಯವಳು ಅಂತ ನೀನೇ ಹೇಳಿದ್ದೆ. ನಿನಗಂತೂ ನನ್ನ ಕೈಯಿಂದ ಕೆಟ್ಟೋಯ್ತು, ಅವಳಿಗಾದ್ರೂ ಆಗಲಿ ಅಂತ."

ತಪ್ಪು ತಿದ್ದಿಕೊಂಡೆ ಎಂದು ಅವರು ನಂಬಿದ್ದರು. ಮನಸಾರೆ ನಂಬಿದ್ದರು. ಡಬ್ಬಿಯ ಮುಚ್ಚಳ ಹಾಕಿ ಪಕ್ಕಕ್ಕಿಟ್ಟಳು.

"ಸರ್, ಅವತ್ತು ಸೂಜಿ ಕೊಡಲ್ಲ ಅಂದಿದ್ದು ಯಾರು?"

ಆ ಕಡೆ ಡಾಕ್ಟರು ಎದ್ದು ಬಾಗಿಲು ಹಾಕಿಕೊಂಡ ಸದ್ದಾಯಿತು.

"ನೀನು" ಅಂದರು ಡಾಕ್ಟರು. ಗತ್ತೆಲ್ಲ ಇಳಿದಿತ್ತು. "ನೀನೇ ಕಣಮ್ಮ. ನೀನು ಸೂಜಿ ಕೊಟ್ಟಿದ್ರೆ ಆ ಟೀಚರಮ್ಮ ಉಳೀತಿರಲಿಲ್ಲ, ನಾನೂ ಉಳೀತಿರಲಿಲ್ಲ. ಒಂದು ದಿನಾನೂ ಮರೆತಿಲ್ಲ ನಾನು. ಹೇಳೋಕೆ ಬಾಯಿ ಬರಲಿಲ್ಲ. ಅದು ನನಗೆ ಗೊತ್ತು, ನಿನಗೆ ಗೊತ್ತು. ಅಷ್ಟು ಸಾಲದೇನಮ್ಮ?"

ಇದೇ ಮಾತಿಗೆ ಅವಳು ಆರು ವರ್ಷ ಕಾದಿದ್ದಳು. ಅವತ್ತು ಕೈ ತೊಳೆಯುವಲ್ಲಿ ಹೇಳಿದ್ದರೆ ಕಾಲಿಗೆ ಬೀಳುತ್ತಿದ್ದಳು. ನರ್ಸಿಂಗ್ ಹೋಮ್ ಮುಚ್ಚಿದ ದಿನ ಹೇಳಿದ್ದರೂ ಜೀವನವಿಡೀ ಅದೊಂದನ್ನೇ ನೆನೆದುಕೊಂಡು ಇದ್ದುಬಿಡುತ್ತಿದ್ದಳು. ಹೊರಗೆ ಯಾರೋ ಮುದುಕಿ ಅವಳನ್ನು ಕೂಗುತ್ತಿದ್ದಳು, ಬಿಡುವು ಮುಗಿದಿತ್ತು.

"ಸಾಲಲ್ಲ ಸರ್" ಅಂದಳು.

ಆ ಕಡೆ ಡಾಕ್ಟರು ಅಳುವುದು ಕೇಳಿಸಿತು. ಈ ಸಲ ಅವಳು ಸಮಾಧಾನ ಮಾಡಲಿಲ್ಲ.